ಎಫ್/1.8 ಲೆನ್ಸ್ ಕೊಂಡಾಯಿತು, ಮುಂದೇನು?

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್‌ನಲ್ಲಿ ಒಂದಷ್ಟು ಕಾಲ ಫೋಟೊ ತೆಗೆದ ಮೇಲೆ "ಮುಂದೆ ಯಾವ ಲೆನ್ಸ್ ಕೊಳ್ಳಲಿ?" ಎಂದು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ ಹೆಸರು: 50 ಎಂಎಂ ಎಫ್/1.8. ಸಲಹೆ ಸರಿಯಾಗಿಯೇ ಇದೆ. ಈ ಲೆನ್ಸ್ ಹಗುರ, ಅಗ್ಗ, ಬೆಳಕು ಕಡಿಮೆ ಇದ್ದಾಗಲೂ ಕೈ ಕೊಡುವುದಿಲ್ಲ. ತೊಂದರೆ ಶುರುವಾಗುವುದು ಕೊಂಡ ಮೇಲೆ. ಸಿಕ್ಕಿದ್ದನ್ನೆಲ್ಲ ಎಫ್/1.8ರಲ್ಲೇ ತೆಗೆಯುತ್ತೇವೆ. ಕ್ಯಾಮೆರಾ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದ. ಕಂಪ್ಯೂಟರ್‌ಗೆ ಹಾಕಿ ದೊಡ್ಡದು ಮಾಡಿದರೆ ಮೂಗಿನ ತುದಿ ಸ್ಪಷ್ಟ, ಕಣ್ಣು ಮಸುಕು.

ದೊಡ್ಡ ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಒಳಬರುವ ತೂತು) ಇರುವುದು ಬೇಕಾದಾಗ ತೆರೆಯಲಿಕ್ಕೆ, ಸದಾ ತೆರೆದಿಡಲಿಕ್ಕಲ್ಲ. ಹಿನ್ನೆಲೆ ಎಷ್ಟು ಮಸುಕಾಗಬೇಕು ಎನ್ನುವುದಂತೂ ಅಪರ್ಚರ್‌ಗಿಂತ ಜಾಸ್ತಿ ನಿಮ್ಮ ಕಾಲಿನ ಕೈಯಲ್ಲಿದೆ. ಹೇಗೆ ಎನ್ನುವುದನ್ನು ಕೆಳಗೆ ಲೆಕ್ಕ ಸಮೇತ ಹೇಳುತ್ತೇನೆ.

ಮೊದಲು 1.8ರ ಲೆಕ್ಕ

ಲೆನ್ಸ್‌ನ ಫೋಕಲ್ ಲೆಂತ್ (50 ಎಂಎಂ ಎನ್ನುವ ಆ ಸಂಖ್ಯೆ) ಅನ್ನು ಮುಂದಿನಿಂದ ಕಾಣುವ ಅಪರ್ಚರ್ ತೂತಿನ ಅಗಲದಿಂದ ಭಾಗಿಸಿದರೆ ಎಫ್ ಸಂಖ್ಯೆ ಸಿಗುತ್ತದೆ. ಅಂದರೆ 50 ಎಂಎಂ ಲೆನ್ಸ್ ಎಫ್/1.8ರಲ್ಲಿ ಸುಮಾರು 28 ಎಂಎಂ ಅಗಲ ತೆರೆಯುತ್ತದೆ. ಸಾಮಾನ್ಯ 18-55 ಕಿಟ್ ಲೆನ್ಸ್ ಅನ್ನು 55ಕ್ಕೆ ತಿರುಗಿಸಿದರೆ ಅದು ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಆಗ ತೂತು 10 ಎಂಎಂ ಕೂಡ ಇರುವುದಿಲ್ಲ. ಎಫ್ ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು; ಮುಂದೆ 'ಎಫ್/4ಕ್ಕೆ ಇಳಿಸಿ' ಎಂದಾಗ ತೂತು ಚಿಕ್ಕದು ಮಾಡಿ ಎಂದರ್ಥ. ಎರಡು ಲೆನ್ಸ್‌ಗಳ ನಡುವೆ ಬೆಳಕಿನ ವ್ಯತ್ಯಾಸ ಒಂಬತ್ತು ಪಟ್ಟಿಗೂ ಜಾಸ್ತಿ. ಕಿಟ್ ಲೆನ್ಸ್‌ಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 6400 ಬೇಕಾಗುವ ಕೋಣೆಯಲ್ಲಿ ಇದಕ್ಕೆ ಸುಮಾರು 640 ಸಾಕು. ಇಲ್ಲವೇ 1/10 ಸೆಕೆಂಡಿನಲ್ಲಿ ಅಲುಗಾಡಿ ಹಾಳಾಗುತ್ತಿದ್ದ ಫೋಟೊವನ್ನು 1/100ರಲ್ಲಿ ತೆಗೆಯಬಹುದು.

ಇಷ್ಟೆಲ್ಲ ಅಗ್ಗಕ್ಕೆ ಹೇಗೆ ಸಿಗುತ್ತದೆ? ಇದರ ಮೂಲ ವಿನ್ಯಾಸ ತುಂಬಾ ಹಳೆಯದು. ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಪೌಲ್ ರುಡಾಲ್ಫ್ 1896ರಲ್ಲಿ ರೂಪಿಸಿದ ಪ್ಲಾನಾರ್ ಲೆನ್ಸ್‌ನ ವಂಶವೇ ಈ ಎಲ್ಲ 50 ಎಂಎಂಗಳು. ಒಳಗೆ ಆರೇಳು ಗಾಜು, ಜೂಮ್‌ನ ಗೋಜಿಲ್ಲ. ಕೆನಾನ್‌ನ ಇಎಫ್ 50 ಎಂಎಂ ಎಫ್/1.8 ಮೊದಲು ಬಂದದ್ದು 1987ರಲ್ಲಿ. 1990ರ ಎರಡನೇ ಆವೃತ್ತಿಯಲ್ಲಿ ಮೌಂಟ್ (ಲೆನ್ಸ್ ಕ್ಯಾಮೆರಾಗೆ ಕೂರುವ ಬಳೆ) ಕೂಡ ಪ್ಲಾಸ್ಟಿಕ್ ಆಯಿತು. 2015ರ ಎಸ್‌ಟಿಎಂ ಆವೃತ್ತಿಯಲ್ಲಿ ಲೋಹದ ಮೌಂಟ್ ಮರಳಿತು, ಫೋಕಸ್ ಮೋಟರ್ ಸದ್ದು ತಗ್ಗಿತು. ಉಳಿತಾಯವೆಲ್ಲ ಮೈಗೆ ಮತ್ತು ಮೋಟರ್‌ಗೆ ಸಂಬಂಧಿಸಿದ್ದು. ಗಾಜಿನ ವಿಷಯದಲ್ಲಿ ದೂರುವಂಥದ್ದು ಹೆಚ್ಚೇನಿಲ್ಲ.

ಇನ್ನೂ ಕೊಂಡಿಲ್ಲವಾದರೆ

ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್ ಇರುವ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್, ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದ 75 ಅಥವಾ 80 ಎಂಎಂನಷ್ಟು ಕಿರಿದಾಗಿ ಕಾಣುತ್ತದೆ. ಒಬ್ಬರ ಮುಖ, ಎದೆಯವರೆಗಿನ ಫೋಟೊಗೆ ಇದು ಸೊಗಸು. ಸಣ್ಣ ಕೋಣೆಯಲ್ಲಿ ನಾಲ್ಕು ಜನರನ್ನು ತೆಗೆಯಲು ಹೋದರೆ ಬೆನ್ನು ಗೋಡೆಗೆ ತಾಗುತ್ತದೆ. ಮನೆಯೊಳಗಿನ ಫೋಟೊಗಳೇ ಜಾಸ್ತಿ ಎನ್ನುವವರಿಗೆ 35 ಎಂಎಂ ಎಫ್/1.8 ಹೆಚ್ಚು ಉಪಯೋಗ. ಅನುಮಾನ ಇದ್ದರೆ ಕಿಟ್ ಲೆನ್ಸ್ ಅನ್ನು ಒಂದು ದಿನ 35ರಲ್ಲಿ, ಇನ್ನೊಂದು ದಿನ 50ರಲ್ಲಿ ಇಟ್ಟು, ಜೂಮ್ ಮುಟ್ಟದೆ ಫೋಟೊ ತೆಗೆದು ನೋಡಿ. ಯಾವುದರಲ್ಲಿ ಕಿರಿಕಿರಿ ಕಡಿಮೆಯೋ ಅದು ನಿಮ್ಮದು.

ನಿಕಾನ್‌ನವರಿಗೆ ಒಂದು ಎಚ್ಚರಿಕೆ. ಎಎಫ್ 50 ಎಂಎಂ ಎಫ್/1.8ಡಿ ಎಂಬ ಹಳೆಯ ಲೆನ್ಸ್‌ನಲ್ಲಿ ಫೋಕಸ್ ಮೋಟರ್ ಇಲ್ಲ. ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಬಾಡಿಯಲ್ಲೂ ಮೋಟರ್ ಇಲ್ಲ. ಎರಡೂ ಸೇರಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಅಂಥ ಕ್ಯಾಮೆರಾಗೆ 2011ರಲ್ಲಿ ಬಂದ ಎಎಫ್-ಎಸ್ 1.8ಜಿ ಆರಿಸಿ.

ಕ್ಯಾಮೆರಾ ಹೀಗೆ ಹೊಂದಿಸಿಕೊಳ್ಳಿ

ಮೋಡ್ ಡಯಲ್ ಅನ್ನು ಅಪರ್ಚರ್ ಪ್ರಯಾರಿಟಿಗೆ ತಿರುಗಿಸಿ. ಕೆನಾನ್‌ನಲ್ಲಿ 'ಎವಿ', ನಿಕಾನ್ ಮತ್ತು ಸೋನಿಯಲ್ಲಿ 'ಎ'. ಅಪರ್ಚರ್ ನೀವು ಹೇಳಿದಷ್ಟು, ಶಟರ್ ಸ್ಪೀಡ್ (ಬೆಳಕು ಒಳಬರುವ ಅವಧಿ) ಕ್ಯಾಮೆರಾ ನೋಡಿಕೊಳ್ಳುತ್ತದೆ. ಮ್ಯಾನುವಲ್ ಮೋಡ್‌ನಲ್ಲೇ ತೆಗೆಯಬೇಕೆಂಬ ಹಟ ಈಗ ಬೇಡ.

ಆಟೋ ಐಎಸ್‌ಒ ಹಾಕಿ, ಗರಿಷ್ಠ 6400 ಎಂದು ಕೊಡಿ. ಅದರ ಜೊತೆಗೇ ಕನಿಷ್ಠ ಶಟರ್ ಸ್ಪೀಡ್ ಎಂಬ ಆಯ್ಕೆ ಇರುತ್ತದೆ. ಅದನ್ನು 1/125 ಮಾಡಿ. ಅಗ್ಗದ ಪ್ರೈಮ್‌ಗಳಲ್ಲಿ (ಜೂಮ್ ಇಲ್ಲದ ಲೆನ್ಸ್‌ಗಳಲ್ಲಿ) ಹೆಚ್ಚಿನವಕ್ಕೆ ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇರುವುದಿಲ್ಲ. ಕಿಟ್ ಲೆನ್ಸ್‌ನಲ್ಲಿ ಆ ಸೌಲಭ್ಯಕ್ಕೆ ಒಗ್ಗಿಹೋದ ಕೈ ಇಲ್ಲಿ ಮೋಸಹೋಗುತ್ತದೆ. ಸುಮ್ನೆ ಕೂತವರಿಗೆ 1/125 ಸಾಕು. ಮಾತಾಡುತ್ತಾ ಕೈ ಆಡಿಸುವವರಿಗೆ 1/250, ಓಡುವ ಮಕ್ಕಳಿಗೆ 1/500 ಬೇಕು. ಐಎಸ್‌ಒ ಏರಿ ಸ್ವಲ್ಪ ಕಾಳು ಕಾಳಾಗಿ ಬಂದ ಫೋಟೊವನ್ನು ಆಮೇಲೆ ತಿದ್ದಬಹುದು. ಅಲುಗಾಡಿದ್ದನ್ನು ತಿದ್ದುವುದು ಕಷ್ಟ.

ಇನ್ನು ಫೋಕಸ್. ಎಲ್ಲಿ ಫೋಕಸ್ ಮಾಡಬೇಕೆಂದು ಗುರುತಿಸುವ ಪಾಯಿಂಟ್‌ಗಳನ್ನೆಲ್ಲ ಕ್ಯಾಮೆರಾಗೆ ಬಿಟ್ಟುಕೊಟ್ಟರೆ ಅದು ಸಾಮಾನ್ಯವಾಗಿ ಹತ್ತಿರ ಇರುವುದನ್ನು ಹಿಡಿಯುತ್ತದೆ. ಆ ಮೂಗಿನ ತುದಿಯ ಕಥೆ ಬಂದದ್ದು ಇಲ್ಲಿಂದಲೇ. ಸಿಂಗಲ್ ಪಾಯಿಂಟ್ ಆರಿಸಿ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕಣ್ಣು ಗುರುತಿಸುವ ಫೋಕಸ್ ಇದ್ದರೆ ಅದನ್ನೇ ಬಳಸಿ, ಈ ಲೆನ್ಸ್‌ಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಸೆಂಟಿಮೀಟರ್‌ಗಳಲ್ಲಿ ಯೋಚಿಸಿ

"ಎಫ್/1.8ರಲ್ಲಿ ಫೋಕಸ್ ತೆಳು" ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ತೆಳು ಎಂದು ತಿಳಿದರೆ ಮಾತ್ರ ಉಪಯೋಗ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್, ಎಫ್/1.8 ಎಂದಿಟ್ಟುಕೊಳ್ಳಿ. 3 ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 25 ಸೆಂ.ಮೀ. 2 ಮೀಟರ್‌ನಲ್ಲಿ ಸುಮಾರು 11 ಸೆಂ.ಮೀ. 1 ಮೀಟರ್‌ಗೆ ಬಂದರೆ 3 ಸೆಂ.ಮೀ.ಗೂ ಕಡಿಮೆ. ದೂರ ಅರ್ಧವಾದರೆ ಆಳ ಕಾಲು ಭಾಗಕ್ಕೆ ಇಳಿಯುತ್ತದೆ ಎನ್ನುವುದು ಇಲ್ಲಿನ ಮುಖ್ಯ ಪಾಠ.

ಮೂಗಿನ ತುದಿಯಿಂದ ಕಿವಿಯವರೆಗೆ ಹತ್ತು ಸೆಂ.ಮೀ.ಗಿಂತ ಜಾಸ್ತಿಯೇ ಇದೆ. ಅಂದರೆ 2 ಮೀಟರ್‌ನಿಂದ ತೆಗೆದರೆ ಮುಖ ಹೆಚ್ಚುಕಡಿಮೆ ಪೂರ್ತಿ ಸ್ಪಷ್ಟ. 1 ಮೀಟರ್‌ನಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟ, ಮುಖ ಸ್ವಲ್ಪ ತಿರುಗಿದ್ದರೆ ಇನ್ನೊಂದು ಕಣ್ಣೂ ಮಸುಕು. ಅಷ್ಟು ಹತ್ತಿರ ಹೋಗುವ ಹಾಗಿದ್ದರೆ ಎಫ್/4ಕ್ಕೆ ಇಳಿಸಿ. 2 ಮೀಟರ್‌ನಲ್ಲೂ ಎಫ್/2.8 ಹಾಕಿದರೆ ಆಳ 18 ಸೆಂ.ಮೀ. ಆಗುತ್ತದೆ, ಕೂದಲವರೆಗೂ ನೆಮ್ಮದಿ. ಫುಲ್ ಫ್ರೇಮ್‌ನಲ್ಲಿ ಅದೇ ದೂರಕ್ಕೆ ಈ ಆಳ ಒಂದೂವರೆ ಪಟ್ಟು. ಆದರೆ ಮುಖ ಅಷ್ಟೇ ದೊಡ್ಡದಾಗಿ ಬರಲಿ ಎಂದು ನೀವು ಹತ್ತಿರ ಹೋಗುತ್ತೀರಿ ಅಲ್ವಾ, ಆಗ ಲೆಕ್ಕ ತಿರುಗಿ ಇನ್ನೂ ತೆಳುವಾಗುತ್ತದೆ.

ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಮೂರು ಬಾಟಲಿಗಳನ್ನು ಮೇಜಿನ ಮೇಲೆ ಹತ್ತು ಹತ್ತು ಸೆಂ.ಮೀ. ಅಂತರದಲ್ಲಿ ಓರೆಯಾಗಿ ನಿಲ್ಲಿಸಿ. ನಡುವಿನದರ ಮೇಲೆ ಫೋಕಸ್ ಮಾಡಿ, 1.8, 2.8, 4, 5.6 ಹೀಗೆ ಒಂದೊಂದು ಫೋಟೊ ತೆಗೆಯಿರಿ. ಆಮೇಲೆ ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಅಷ್ಟೂ ತೆಗೆಯಿರಿ. ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ಮೇಲಿನ ಅಂಕಿಗಳು ತಲೆಯಲ್ಲಿ ಕೂರುತ್ತವೆ.

ಹಿನ್ನೆಲೆ ಮಸುಕಾಗಬೇಕೆ? ಗೋಡೆಯಿಂದ ದೂರ ನಿಲ್ಲಿಸಿ

ಈಗ ಕಾಲಿನ ಮಾತಿಗೆ ಬರೋಣ. ಒಬ್ಬರು ಗೋಡೆಗೆ ಒರಗಿದಂತೆ, ಅಂದರೆ 30 ಸೆಂ.ಮೀ. ಮುಂದೆ ನಿಂತಿದ್ದಾರೆ. ನೀವು 2 ಮೀಟರ್ ದೂರದಲ್ಲಿದ್ದೀರಿ. ಎಫ್/1.8 ಹಾಕಿದರೂ ಗೋಡೆಯ ಬಿರುಕು, ಸ್ವಿಚ್, ವೈರು ಎಲ್ಲವೂ ಗುರುತು ಸಿಗುತ್ತವೆ. ಇನ್ನಷ್ಟು ದುಬಾರಿ ಎಫ್/1.4 ಕೊಳ್ಳಬೇಕು ಎಂಬ ಆಸೆ ಹುಟ್ಟುವುದು ಈ ಹೊತ್ತಿಗೇ.

ಅದೇ ವ್ಯಕ್ತಿಯನ್ನು ಗೋಡೆಯಿಂದ 4 ಮೀಟರ್ ಮುಂದಕ್ಕೆ ಕರೆಯಿರಿ. ನೀವೂ ಅಷ್ಟೇ ಹಿಂದೆ ಸರಿದು ಅದೇ 2 ಮೀಟರ್ ಅಂತರ ಉಳಿಸಿಕೊಳ್ಳಿ. ಗೋಡೆ ಮೊದಲಿಗಿಂತ ಸುಮಾರು ಐದು ಪಟ್ಟು ಜಾಸ್ತಿ ಮಸುಕಾಗುತ್ತದೆ. ಇಲ್ಲಿ ನೀವು ಎಫ್/4ಕ್ಕೆ ಇಳಿಸಿದರೂ, ಗೋಡೆ ಹತ್ತಿರ ಎಫ್/1.8ರಲ್ಲಿ ಸಿಕ್ಕಿದ್ದರ ಎರಡು ಪಟ್ಟಿಗಿಂತ ಜಾಸ್ತಿ ಮಸುಕು ಸಿಗುತ್ತದೆ. ಮುಖವೂ ಪೂರ್ತಿ ಸ್ಪಷ್ಟ. ನಾಲ್ಕು ಮೀಟರ್ ನಡೆದದ್ದಕ್ಕೆ ಇಷ್ಟು ಲಾಭ. ಲೆನ್ಸ್ ಬದಲಿಸುವ ಮುಂಚೆ ಜಾಗ ಬದಲಿಸಿ ಎಂದು ಹೇಳುವುದು ಇದಕ್ಕೇ.

ಇನ್ನೊಂದು ದಾರಿ ಹತ್ತಿರ ಹೋಗುವುದು. ಹಿನ್ನೆಲೆ ತುಂಬಾ ದೂರದಲ್ಲಿದ್ದರೆ, ಎಫ್/1.8ರಲ್ಲಿ 2 ಮೀಟರ್‌ನಿಂದ ಬರುವಷ್ಟೇ ಮಸುಕು ಎಫ್/2.8ರಲ್ಲಿ 1.3 ಮೀಟರ್‌ನಿಂದ ಬರುತ್ತದೆ. ಮುಖ ದೊಡ್ಡದಾಗಿ ಕಾಣುತ್ತದೆ. ಹತ್ತಿರ ಹೋದಷ್ಟೂ ಸ್ಪಷ್ಟ ಆಳ ಕಡಿಮೆ ಎನ್ನುವುದು ಮಾತ್ರ ನೆನಪಿರಲಿ. ಮುಖದ ಫೋಟೊಗೆ 1 ಮೀಟರ್‌ಗಿಂತ ಹತ್ತಿರ ಹೋಗಬೇಡಿ. ಮೂಗು ಉಬ್ಬಿದಂತೆ, ಕಿವಿ ಹಿಂದೆ ಸರಿದಂತೆ ಕಾಣತೊಡಗುತ್ತದೆ, ಯಾರಿಗೂ ಅದು ಇಷ್ಟವಾಗುವುದಿಲ್ಲ.

ಮಸುಕಿನ ಪ್ರಮಾಣದಷ್ಟೇ ಮುಖ್ಯವಾದದ್ದು ಹಿಂದೆ ಏನಿದೆ ಎನ್ನುವುದು. ಎಷ್ಟೇ ಮಸುಕಾದರೂ ತಲೆಯ ಹಿಂದಿನ ಕಂಬ ಕಂಬವೇ, ಕೆಂಪು ಬಕೆಟ್ ಕೆಂಪು ಕಲೆಯೇ. ಒತ್ತುವ ಮುಂಚೆ ವ್ಯೂಫೈಂಡರ್‌ನ ನಾಲ್ಕೂ ಅಂಚಿಗೆ ಒಮ್ಮೆ ಕಣ್ಣು ಹಾಯಿಸಿ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಎಷ್ಟೋ ಸಲ ಕಂಬ ಮಾಯ.

ಹಿಂದೆ ಎಲೆಗಳ ನಡುವೆ ಇಣುಕುವ ಬಿಸಿಲು, ರಸ್ತೆ ದೀಪ, ಸರ ದೀಪ ಇದ್ದರೆ ಅವು ಬೆಳಕಿನ ಬಿಲ್ಲೆಗಳಾಗಿ ಬರುತ್ತವೆ. ಎಫ್/1.8ರಲ್ಲಿ ನಡುವಿನವು ಗುಂಡಗೆ, ಅಂಚಿನವು ಬೆಕ್ಕಿನ ಕಣ್ಣಿನಂತೆ ಉದ್ದಕ್ಕೆ ಕಾಣುತ್ತವೆ. ಎಫ್/2.8ಕ್ಕೆ ಇಳಿಸಿದರೆ ಅಂಚಿನವೂ ಸರಿಹೋಗುತ್ತವೆ, ಆದರೆ ತೂತನ್ನು ಕಿರಿದು ಮಾಡುವ ಅಪರ್ಚರ್ ಪಟ್ಟಿಗಳ ಆಕಾರ ಕಾಣಿಸಬಹುದು. ಕೆನಾನ್‌ನ ಹಳೆಯ ಎರಡನೇ ಆವೃತ್ತಿಯಲ್ಲಿ ಐದೇ ಪಟ್ಟಿ, ಬಿಲ್ಲೆಗಳು ಪಂಚಕೋನ. ಎಸ್‌ಟಿಎಂನಲ್ಲಿ ಏಳು ಬಾಗಿದ ಪಟ್ಟಿಗಳಿವೆ, ದುಂಡಗಿನ ಆಕಾರ ಸ್ವಲ್ಪ ಮಟ್ಟಿಗೆ ಉಳಿಯುತ್ತದೆ.

ಫೋಕಸ್ ತಪ್ಪುವುದು ಯಾಕೆ

ನಡುವಿನ ಪಾಯಿಂಟ್‌ನಿಂದ ಕಣ್ಣಿಗೆ ಫೋಕಸ್ ಮಾಡಿ, ಬಟನ್ ಅರ್ಧ ಒತ್ತಿಹಿಡಿದು, ಕ್ಯಾಮೆರಾ ತಿರುಗಿಸಿ ಫ್ರೇಮ್ ಸರಿಮಾಡಿಕೊಂಡು ತೆಗೆಯುವ ಅಭ್ಯಾಸ ಅನೇಕರಿಗಿದೆ. ಕಿಟ್ ಲೆನ್ಸ್‌ನಲ್ಲಿ ಅದು ನಡೆಯುತ್ತಿತ್ತು. ಇಲ್ಲಿ ಕ್ಯಾಮೆರಾ ತಿರುಗಿದಾಗ ಫೋಕಸ್‌ನ ಪದರವೂ ತಿರುಗುತ್ತದೆ. ಕಣ್ಣು ಅದರಿಂದ ಸೆಂಟಿಮೀಟರ್‌ನಷ್ಟು ಆಚೆ ಬಿದ್ದರೂ ಹತ್ತಿರದ ಫೋಟೊ ಕೆಡುತ್ತದೆ. ಫೋಕಸ್ ಪಾಯಿಂಟ್ ಅನ್ನೇ ಕಣ್ಣಿನ ಮೇಲಕ್ಕೆ ಸರಿಸಿ. ಎರಡು ಕಣ್ಣಲ್ಲಿ ಯಾವುದು ನಿಮಗೆ ಹತ್ತಿರವೋ ಅದರ ಮೇಲೆ.

ನಿಮ್ಮ ಮೈಯೂ ಅಲುಗುತ್ತದೆ. ಫೋಕಸ್ ಆದ ಮೇಲೆ ಉಸಿರು ಬಿಡುತ್ತಾ ಎರಡು ಸೆಂ.ಮೀ. ಮುಂದೆ ವಾಲಿದರೆ ಮುಗಿಯಿತು. ಎದುರಿನವರೂ ವಾಲುತ್ತಾರೆ. ಹಾಗಾಗಿ ಮನುಷ್ಯರನ್ನು ತೆಗೆಯುವಾಗ ಬಟನ್ ಅರ್ಧ ಒತ್ತಿರುವಷ್ಟೂ ಫೋಕಸ್ ಸರಿಪಡಿಸುತ್ತಲೇ ಇರುವ ಕಂಟಿನ್ಯುಯಸ್ ಫೋಕಸ್ ಬಳಸುವುದೇ ಒಳ್ಳೆಯದು. ನಿಕಾನ್, ಸೋನಿಯಲ್ಲಿ ಅದು 'ಎಎಫ್-ಸಿ', ಕೆನಾನ್‌ನಲ್ಲಿ 'ಸರ್ವೋ'. ಜೊತೆಗೆ ಒಂದರ ಬದಲು ಮೂರು ನಾಲ್ಕು ಫೋಟೊ ಒಟ್ಟಿಗೆ ತೆಗೆಯಿರಿ. ಇದರಲ್ಲಿ ನಾಚಿಕೆ ಏನಿಲ್ಲ.

ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಬಳಸುವವರಿಗೆ ಇನ್ನೊಂದು ತೊಡಕು. ಅದರ ಆಪ್ಟಿಕಲ್ ವ್ಯೂಫೈಂಡರ್ ಸಾಮಾನ್ಯವಾಗಿ ಎಫ್/2.8ರ ಆಸುಪಾಸಿನ ಆಳವನ್ನಷ್ಟೇ ತೋರಿಸುತ್ತದೆ. ಅಲ್ಲಿ ಸ್ಪಷ್ಟವಾಗಿ ಕಂಡದ್ದು ಫೋಟೊದಲ್ಲಿ ಮಸುಕಾಗಿರಬಹುದು. ಎಷ್ಟು ಎಚ್ಚರ ವಹಿಸಿದರೂ ಫೋಕಸ್ ಯಾವಾಗಲೂ ಒಂದೇ ಕಡೆಗೆ ತಪ್ಪುತ್ತಿದ್ದರೆ, ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಅದೇ ಬಾಟಲಿಗಳನ್ನು ಒಮ್ಮೆ ವ್ಯೂಫೈಂಡರ್‌ನಿಂದ, ಒಮ್ಮೆ ಹಿಂದಿನ ಪರದೆಯಲ್ಲಿ ನೋಡುವ ಲೈವ್ ವ್ಯೂನಿಂದ ಫೋಕಸ್ ಮಾಡಿ ಹೋಲಿಸಿ. ಲೈವ್ ವ್ಯೂ ಸರಿ, ವ್ಯೂಫೈಂಡರ್ ತಪ್ಪು ಎಂದಾದರೆ ಲೆನ್ಸ್ ಮತ್ತು ಬಾಡಿ ಒಂದಕ್ಕೊಂದು ಹೊಂದಿಲ್ಲ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಇದನ್ನು ಸರಿಪಡಿಸುವ ಫೈನ್ ಟ್ಯೂನ್ ಇರುತ್ತದೆ. ಇಲ್ಲದಿದ್ದರೆ ಮುಖ್ಯ ಫೋಟೊಗಳನ್ನು ಲೈವ್ ವ್ಯೂನಲ್ಲೇ ತೆಗೆಯಿರಿ. ಮಿರರ್‌ಲೆಸ್‌ನಲ್ಲಿ ಸೆನ್ಸರ್‌ನಿಂದಲೇ ಫೋಕಸ್ ಆಗುವುದರಿಂದ ಈ ತಲೆನೋವು ಇಲ್ಲ.

ಯಾವ ಹೊತ್ತಿಗೆ ಯಾವ ಸಂಖ್ಯೆ

ಕತ್ತಲೆಯಲ್ಲಿ, ಬೇರೆ ದಾರಿ ಇಲ್ಲದಾಗ ಎಫ್/1.8. ಅದಕ್ಕೇ ಅಲ್ವಾ ಇದನ್ನು ಕೊಂಡದ್ದು. ದೂರ ಜಾಸ್ತಿ ಇರುವಾಗ, ಉದಾಹರಣೆಗೆ ಒಬ್ಬರನ್ನು ತಲೆಯಿಂದ ಕಾಲಿನವರೆಗೆ ತೆಗೆಯುವಾಗಲೂ 1.8 ಧಾರಾಳವಾಗಿ ಬಳಸಬಹುದು, ಅಲ್ಲಿ ಆಳ ಸಾಕಷ್ಟು ಸಿಗುತ್ತದೆ. ಒಬ್ಬರ ಮುಖಕ್ಕೆ ನಾನು ಮೊದಲು ಹಾಕುವುದು 2.8. ಇಬ್ಬರಿದ್ದರೆ ಎಫ್/4, ಜೊತೆಗೆ ಇಬ್ಬರ ಮುಖವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವಂತೆ ನಿಲ್ಲಿಸಿ. ಎರಡು ಸಾಲಿನ ಗುಂಪಿಗೆ 5.6 ಅಥವಾ 8, ಫೋಕಸ್ ಮುಂದಿನ ಸಾಲಿನವರ ಮೇಲೆ. ಊರು, ಬೆಟ್ಟ, ಕಟ್ಟಡಕ್ಕೆ 8. ಎಫ್/16ರ ಆಚೆ ಹೋಗಬೇಡಿ, ತೂತು ತೀರಾ ಚಿಕ್ಕದಾದಾಗ ಬೆಳಕು ಚದುರಿ ಇಡೀ ಚಿತ್ರದ ಮೊನಚು ಕಡಿಮೆಯಾಗುತ್ತದೆ.

ಪೂರ್ತಿ ತೆರೆದಾಗ ಈ ಲೆನ್ಸ್‌ಗಳಿಗೆ ಕೆಲವು ದೋಷಗಳಿವೆ. ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಕಾಂಟ್ರಾಸ್ಟ್ ಸ್ವಲ್ಪ ಮಂಕು. ಬೆಳ್ಳಗಿನ ಆಕಾಶದ ಎದುರು ಇರುವ ಕೊಂಬೆಗಳ ಅಂಚಿನಲ್ಲಿ ನೇರಳೆ ಬಣ್ಣ ಕಾಣಿಸುತ್ತದೆ. ಎಫ್/2.8ಕ್ಕೆ ಬರುವಷ್ಟರಲ್ಲಿ ಇದರಲ್ಲಿ ಬಹಳಷ್ಟು ತಗ್ಗುತ್ತದೆ. ಕ್ಯಾಮೆರಾ ಸಂಸ್ಕರಿಸದ ರಾ ಫೈಲ್‌ನಲ್ಲಿ ತೆಗೆದರೆ ಮೂಲೆಯ ಕಪ್ಪನ್ನು ಎಡಿಟಿಂಗ್ ತಂತ್ರಾಂಶದ ಲೆನ್ಸ್ ಪ್ರೊಫೈಲ್‌ನಿಂದ, ನೇರಳೆಯನ್ನು ಡಿಫ್ರಿಂಜ್ ಆಯ್ಕೆಯಿಂದ ತೆಗೆಯಬಹುದು. ಮುಖದ ಫೋಟೊದಲ್ಲಿ ಮೂಲೆ ಕಪ್ಪಾದರೆ ನಾನಂತೂ ಹಾಗೇ ಬಿಡುತ್ತೇನೆ, ಕಣ್ಣು ನಡುವಿಗೆ ಹೋಗುತ್ತದೆ.

ಬಿಸಿಲು ಮತ್ತು ದೀಪ

ಬಟಾಬಯಲಿನ ಬಿಸಿಲಿನಲ್ಲಿ ಐಎಸ್‌ಒ 100, ಎಫ್/16 ಇದ್ದಾಗ ಶಟರ್ ಸುಮಾರು 1/100 ಬೇಕು. ಇದು ಹಳೆಯ ಫಿಲ್ಮ್ ಕಾಲದ ಲೆಕ್ಕ. ಅದೇ ಬಿಸಿಲಲ್ಲಿ ಎಫ್/1.8ಕ್ಕೆ ಬಂದರೆ 1/8000ರ ಹತ್ತಿರ ಬೇಕಾಗುತ್ತದೆ. ಎಷ್ಟೋ ಕ್ಯಾಮೆರಾಗಳ ಶಟರ್ 1/4000ಕ್ಕೇ ನಿಲ್ಲುತ್ತದೆ. ಫಲ, ಬೆಳ್ಳಗೆ ಸುಟ್ಟುಹೋದ ಫೋಟೊ. ಎಫ್/2.8ಕ್ಕೆ ಇಳಿಸಿದರೆ 1/3200ಕ್ಕೆ ಬರುತ್ತದೆ. 1.8 ಬೇಕೇ ಬೇಕೆಂದರೆ ಮೂರು ಸ್ಟಾಪ್ ಬೆಳಕು ತಡೆಯುವ, ಅಂದರೆ ಎಂಟನೇ ಒಂದು ಭಾಗ ಮಾತ್ರ ಒಳಬಿಡುವ ಎನ್‌ಡಿ8 ಫಿಲ್ಟರ್ ಹಾಕಿ. ಇದಕ್ಕಿಂತ ಸುಲಭದ ಉಪಾಯವೆಂದರೆ ವ್ಯಕ್ತಿಯನ್ನು ನೆರಳಿಗೆ ಕರೆಯುವುದು. ಮುಖದ ಮೇಲಿನ ಗಡಸು ನೆರಳೂ ಹೋಗುತ್ತದೆ.

ಒಳಾಂಗಣದಲ್ಲಿ ಕಿಟಕಿ ಹುಡುಕಿ. ವ್ಯಕ್ತಿಯನ್ನು ಕಿಟಕಿಯ ಪಕ್ಕ, ಮುಖ ಅರ್ಧ ಅದರ ಕಡೆ ತಿರುಗಿರುವಂತೆ ಕೂರಿಸಿ, ಕೋಣೆಯ ದೀಪ ಆರಿಸಿ. ಎರಡು ಬಣ್ಣದ ಬೆಳಕು ಬೆರೆತರೆ ಚರ್ಮದ ಬಣ್ಣ ಸರಿಮಾಡುವುದು ಸಾಹಸ. ದೀಪದಲ್ಲೇ ತೆಗೆಯಬೇಕಾಗಿ ಬಂದು, ಫೋಟೊದಲ್ಲಿ ಅಡ್ಡ ಪಟ್ಟೆಗಳು ಕಂಡರೆ ಅದು ಎಲ್‌ಇಡಿಯ ಮಿನುಗು. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಅನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟೆ ಸಾಮಾನ್ಯವಾಗಿ ಮಾಯವಾಗುತ್ತದೆ. 60 ಹರ್ಟ್ಸ್ ಇದ್ದರೆ 1/125 ಅಥವಾ 1/60.

ನಕ್ಷತ್ರಗಳನ್ನೂ ಪ್ರಯತ್ನಿಸಬಹುದು. ಟ್ರೈಪಾಡ್ ಬೇಕು, ಫೋಕಸ್ ಕೈಯಲ್ಲೇ ಮಾಡಬೇಕು. ಎಪಿಎಸ್-ಸಿಯಲ್ಲಿ 50 ಎಂಎಂಗೆ ಆರು ಸೆಕೆಂಡ್ ದಾಟಿದರೆ ಚುಕ್ಕೆಗಳು ಗೆರೆಯಾಗತೊಡಗುತ್ತವೆ. ಎಫ್/1.8ರಲ್ಲಿ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಬಂದಂತೆ ಕಾಣುವುದರಿಂದ 2.8 ವಾಸಿ.

ಹೂವು, ಉಂಗುರ, ಹುಳು

ಈ ಲೆನ್ಸ್‌ಗಳು ತೀರಾ ಹತ್ತಿರ ಫೋಕಸ್ ಆಗುವುದಿಲ್ಲ. ಕೆನಾನ್ ಎಸ್‌ಟಿಎಂಗೆ ಕನಿಷ್ಠ 35 ಸೆಂ.ಮೀ., ನಿಕಾನ್ 1.8ಜಿಗೆ 45 ಸೆಂ.ಮೀ. ಅಂತರ ಬೇಕು. ಚಿಕ್ಕ ವಸ್ತುಗಳನ್ನು ದೊಡ್ಡದಾಗಿ ತೆಗೆಯುವ ಆಸೆ ಇದ್ದರೆ ಮ್ಯಾಕ್ರೋ ಲೆನ್ಸ್ ಬದಲು ಎಕ್ಸ್‌ಟೆನ್ಷನ್ ಟ್ಯೂಬ್ ಸಾಕು. ಅದು ಲೆನ್ಸ್ ಮತ್ತು ಬಾಡಿಯ ನಡುವೆ ಕೂರುವ ಖಾಲಿ ಕೊಳವೆ, ಒಳಗೆ ಗಾಜು ಇಲ್ಲ. 50 ಎಂಎಂಗೆ 25 ಎಂಎಂ ಟ್ಯೂಬ್ ಹಾಕಿದರೆ, ಫೋಕಸ್ ಅನಂತದಲ್ಲಿದ್ದರೂ ವಸ್ತು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದ ಅರ್ಧದಷ್ಟು ಬೀಳುತ್ತದೆ. ಕೊಳ್ಳುವಾಗ ಎಲೆಕ್ಟ್ರಿಕಲ್ ಸಂಪರ್ಕ ಇರುವ ಟ್ಯೂಬ್ ಆರಿಸಿ, ಇಲ್ಲದಿದ್ದರೆ ಹೊಸ ಲೆನ್ಸ್‌ಗಳಲ್ಲಿ ಅಪರ್ಚರ್ ಬದಲಿಸಲು ಆಗುವುದಿಲ್ಲ. ಟ್ಯೂಬ್ ಹಾಕಿದಾಗ ಆಳ ಮಿಲಿಮೀಟರ್‌ಗಳಿಗೆ ಇಳಿಯುವುದರಿಂದ ಎಫ್/8ರಿಂದ ಶುರು ಮಾಡಿ. ಫೋಕಸ್ ರಿಂಗ್ ತಿರುಗಿಸುವ ಬದಲು ಇಡೀ ಕ್ಯಾಮೆರಾವನ್ನು ನಿಧಾನಕ್ಕೆ ಹಿಂದೆ ಮುಂದೆ ಸರಿಸಿ, ಬೇಕಾದ ಜಾಗ ಸ್ಪಷ್ಟವಾದ ಕ್ಷಣ ಒತ್ತಿ.